ಬೀಟೆ ಮೇಜಿನ ಮೇಲೊಂದು ಹೆಬ್ಬೆರಳು

ಬೆಳಕು ಮೇಜಿನ ಮೇಲೆ ಜಾರಿ ಜಾರಿ ಹೆಬ್ಬೆರಳಿನ ಹತ್ತಿರ ಬಂದು ನಿಂತಿತು, ಬೆಳಕೆಲ್ಲಿ ನಿಲ್ಲುತ್ತದೆ, ಬಂದರಿನ ಮೇಲೆ ಮೋಡ ಬಂದಿರಬೇಕು ಅಷ್ಟೆ, ಕೋಬೆಯ ಸೆಪ್ಟೆಂಬರ್ ಮೋಡ — ಬೀಟೆ ಮರದ ಕಪ್ಪುಗೆಂಪಿನ ಮೇಲೆ ಬೆಳ್ಳಗೆ ಒಂದೇ ಒಂದು ಹೆಬ್ಬೆರಳಿನ ಗುರುತು, ಮಿಕ್ಕ ನಾಲ್ಕು ಬೆರಳನ್ನೂ ಅಂಗೈಯನ್ನೂ ಸತ್ಯಭಾಮಾ ತಾನೇ ಅಳಿಸಿದ್ದಾಳೆ, ಬೆಳಿಗ್ಗೆಯಿಂದ ಕೂತು, ಗುನುಗಿಕೊಂಡು, ಎಂಥ ಕೈಚಳಕ ಕಣೇ ನಿನ್ನದು ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡು. ಬಟ್ಟೆಯ ಉಂಡೆಗೆ ಎರಡು ಹನಿ ಸ್ಪಿರಿಟ್, ಒಂದು ಹನಿ ಅರಗು, ಸುತ್ತಿ ಸುತ್ತಿ ಉಜ್ಜಿದರೆ ಬಿಳಿ ಕರಗುತ್ತದೆ, ಮರ ಮತ್ತೆ ಕಣ್ಣು ಬಿಡುತ್ತದೆ. ಮೊರಿವಾಕಿಯವರ ಮಗ ಮೇಜಿನ ಜೊತೆ ರಿಪೇರಿ ಅಂಗಡಿಗೆ ಕಳಿಸಿದ ಚೀಟಿಯಲ್ಲಿ ಇದ್ದದ್ದೇ ಅಷ್ಟು, ಮೇಲೆ ಬಿಳಿ ಕಲೆ ಇದೆ, ತೆಗೆಯಿರಿ. ಕಲೆಗೆ ಐದು ಬೆರಳಿದ್ದದ್ದು ಕಣ್ಣಿಗೆ ಬಿದ್ದಿರಲಿಲ್ಲವೇ, ಬಿದ್ದಿತ್ತು, ಸ್ಯಾನಿಟೈಸರ್ ಹಾಕಿಕೊಂಡ ಒದ್ದೆ ಕೈಯನ್ನು ಇಂಥ ಮೇಜಿನ ಮೇಲೆ ಊರಿದ್ದಾರಲ್ಲ, ಯಾವ ಪೆದ್ದು ಮುಂಡೇದೋ ಎಂದು ಬೈದುಕೊಂಡೇ ಉಜ್ಜಿದ್ದಳು. ಊಟದ ಹೊತ್ತಿಗೆ ಫೋನು, ಮುದುಕಿಯ ದನಿ, ಸುಮಿಮಾಸೆನ್, ತೊಂದರೆಗೆ ಕ್ಷಮಿಸಿ, ನಾನು ಮೊರಿವಾಕಿ, ಅವನ ತಾಯಿ, ತಂಗಿಯ ಮನೆಗೆ ಹೋಗಿದ್ದೆ, ಅಷ್ಟರಲ್ಲಿ ಮಗ ಮೇಜು ಕಳಿಸಿಬಿಟ್ಟಿದ್ದಾನೆ, ಅದರ ಮೇಲೊಂದು ಕೈ ಇದೆಯಲ್ಲ, ಅದನ್ನು ಹಾಗೇ ಬಿಡಿ, ನಮ್ಮ ಯಜಮಾನರದು, ಮೇ ತಿಂಗಳಲ್ಲಿ ಆಂಬುಲೆನ್ಸ್ ಬಂದಾಗ ಬಾಗಿಲಲ್ಲಿ ಕೈಗೆ ಸ್ಪ್ರೇ ಹಾಕಿಕೊಂಡವರು ಕನ್ನಡಕ ಮರೆತೆ ಅಂತ ಒಳಗೆ ಬಂದರು, ಉಸಿರು ಸಾಲದೆ ಮೇಜಿಗೆ ಕೈ ಊರಿ ನಿಂತರು, ಹೋದರು, ಹನ್ನೊಂದನೇ ದಿನ ಮನೆಗೆ ಬಂದದ್ದು ಬಿಳಿ ಬಟ್ಟೆ ಸುತ್ತಿದ ಅಸ್ಥಿಯ ಪೆಟ್ಟಿಗೆ, ನಾಲ್ಕು ಗಂಟೆಗೆ ಬಂದು ಒಂದು ಸಲ ನೋಡಿಕೊಂಡು ಹೋಗಲೇ. ಹೂಂ ಅನ್ನುವುದಕ್ಕೆ ಇಲ್ಲಿ ಹಾಯ್ ಅನ್ನುತ್ತಾರೆ, ಹಾಯ್ ಅಂದಳು, ಹಾಯ್ ಹಾಯ್ ಅಂದಳು, ಎಷ್ಟು ಸಲೀಸಾಗಿ ಬಾಯಿಗೆ ಬರುವ ಮಾತು ಅದು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಈಗ ಮೂರೂವರೆ.

ಮೇಜೇನೋ ಸುಮ್ಮನೆ ಕೂತಿದೆ, ನೂರೈವತ್ತು ವರ್ಷದಿಂದ ಹೀಗೇ ಕೂತಿದೆ, ಪ್ಯಾರಿಸ್ಸಿನಲ್ಲಿ ಯಾವನೋ ಬಡಗಿ ಕಾಗದದಷ್ಟು ತೆಳ್ಳಗೆ ಬೀಟೆ ಸೀಳಿ ಅಂಟಿಸಿದ, ಅಂಚಿಗೆ ಕಂಚಿನ ಬಳ್ಳಿ ಹೊಡೆದ, ಮೇಲೆ ತಿಂಗಳುಗಟ್ಟಲೆ ಅರಗು ಉಜ್ಜಿದ, ಪಾಲಿಶ್ ಮಾತ್ರ ಅವರದಂತೆ, ಫ್ರೆಂಚ್ ಪಾಲಿಶ್ ಅಂತ ಹೆಸರೂ ಅವರದೇ, ಅರಗು ನಮ್ಮ ಕಡೆ ಮರದಿಂದ ಹೋದದ್ದು, ಎಂದು ಅಂಗಡಿಯ ಒಡೆಯ ನಿಶಿವಾಕಿ ಸಾನ್‌ಗೆ ಎಷ್ಟು ಸಲ ಹೇಳಿದ್ದಾಳೆ, ಅವರು ಪ್ರತಿ ಸಲವೂ ಹೊಸದಾಗಿ ಕೇಳಿದವರಂತೆ ತಲೆದೂಗುತ್ತಾರೆ. ಚನ್ನಪಟ್ಟಣದ ಮನೆಯಲ್ಲಿ ಅಪ್ಪ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಿದ್ದಾನೆ, ಕಾವಿಗೆ ಅರಗು ಕರಗಿ ಬೊಂಬೆಯ ಹೊಟ್ಟೆ ಕೆಂಪಾಗುತ್ತಿದೆ, ತಾಳೆಗರಿ ಹಿಡಿದು ಉಜ್ಜುತ್ತಾನೆ, ಅವನ ಹೆಬ್ಬೆರಳು ಹಬ್ಬದ ದಿನವೂ ಕೆಂಪು, ಎಷ್ಟು ಸೋಪು ಹಾಕಿದರೂ ಕೆಂಪು, ಅನ್ನ ಕಲಸುವಾಗ ಕೆಂಪು, ಮಗಳೇ ಅರಗಿಗೆ ಸ್ಪಿರಿಟ್ ಮುಟ್ಟಿಸ್ಬೇಡ, ಬಣ್ಣ ಓಡೋಗತ್ತೆ. ಈಗ ಲೋಕವೆಲ್ಲ ಸ್ಪಿರಿಟ್ಟು ಅಪ್ಪಾ, ಕೊಂಬಿನಿ ಅಂಗಡಿಯ ಬಾಗಿಲಲ್ಲಿ, ಬ್ಯಾಂಕಿನಲ್ಲಿ, ಲಿಫ್ಟಿನಲ್ಲಿ, ನಮ್ಮ ಅಂಗಡಿಯ ಹೊಸ್ತಿಲಲ್ಲೂ ಒಂದು ಬಾಟಲಿ. ಅಪ್ಪನೂ ಹೋದದ್ದು ಅದೇ ಮೇ ತಿಂಗಳಲ್ಲೇ, ವಿಮಾನ ಇರಲಿಲ್ಲ, ಇದ್ದರೂ ಹೋದವರನ್ನು ಈ ದೇಶ ವಾಪಸ್ಸು ಬಿಡುತ್ತಿರಲಿಲ್ಲ, ತಮ್ಮ ದಿನೇಶ ಫೋನು ಎತ್ತಿ ಹಿಡಿದಿದ್ದ, ಅಕ್ಕಾ ನೋಡ್ಕೊಂಬಿಡು, ಈಗ ಕರ್ಕೊಂಡೋಗ್ತಾರೆ, ನೀಲಿ ಪ್ಲಾಸ್ಟಿಕ್ಕು, ಅಷ್ಟೆ, ಕೈನಾದ್ರೂ ತೋರ್ಸೋ ಅಂದಳು, ಆಗಲ್ಲ ಅಕ್ಕಾ, ಕಟ್ಬಿಟ್ಟಿದಾರೆ. ಆ ಕೆಂಪು ಹೆಬ್ಬೆರಳನ್ನು ಒಂದೇ ಒಂದು ಸಲ ನೋಡಬೇಕಿತ್ತು. ಅತ್ತಳು, ಆಮೇಲೆ ಮಗಳಿಗೆ ಊಟದ ಬೆಂತೋ ಡಬ್ಬಿ ಕಟ್ಟಿದಳು.

ಒಂದು ದಾರಿ ಇದೆ, ಇಲ್ಲ ಅಂತಲ್ಲ, ನಿಶಿವಾಕಿ ಸಾನ್ ಕಲಿಸಿದ್ದೇ ಅದನ್ನಲ್ಲವೇ, ಹೊಸ ತುಂಡಿಗೆ ಚಹಾ ಡಿಕಾಕ್ಷನ್ನು, ಮಸಿ, ದೂಳು ಹಚ್ಚಿ ನೂರು ವರ್ಷ ಹಳೆಯದು ಮಾಡುವುದನ್ನು, ಅಂಥವಳಿಗೆ ಒಂದು ಕೈ ಏನು ಮಹಾ, ಬಾಟಲಿ ಒತ್ತು, ಅಂಗೈ ಒದ್ದೆ ಮಾಡು, ಊರು, ಎತ್ತು. ತನ್ನ ಕೈ ಚಿಕ್ಕದು. ಗಂಡನ ಕೈ ದೊಡ್ಡದು, ಚಂದ್ರಮೌಳಿಯ ಆಫೀಸು ಇಲ್ಲೇ ಸನ್ನೋಮಿಯಾದಲ್ಲಿ, ರೀ, ಐದು ನಿಮಿಷ ಬಂದು ಕೈ ಇಟ್ಟು ಹೋಗ್ತೀರಾ, ಏನೇ ನಿಂಗೆ, ತಲೆಗಿಲೆ ಕೆಟ್ಟಿದ್ಯಾ, ಮೀಟಿಂಗ್ ಇದೆ, ಅನ್ನುತ್ತಾನೆ. ನಗು ಬಂತು, ನಗುತ್ತಲೇ ಬಾಟಲಿಗೆ ಕೈ ಹಾಕಿದಳು, ತಣ್ಣಗೆ ಎರಡು ಹನಿ ಬಿತ್ತು ಕೂಡ — ಐವತ್ತು ವರ್ಷ ಆ ಯಜಮಾನರ ಕೈಗೆ ಬಡಿಸಿದ ಮುದುಕಿ, ಗುರುತು ಸಿಗದೇ ಇರುತ್ತದೆಯೇ, ದಿನೇಶ ಅವತ್ತು ಯಾರದೋ ಕೈ ತೋರಿಸಿ ಇದೇ ಅಪ್ಪನದು ಅಂದಿದ್ದರೆ ನಾನು ನಂಬುತ್ತಿದ್ದೆನೇ, ನಂಬುತ್ತಿದ್ದೆನೇನೋ, ಅದೇ ಭಯ, ನಂಬಿಕೊಂಡು ಬದುಕಿಬಿಡುತ್ತಿದ್ದೆ. ಕೈ ಒರೆಸಿಕೊಂಡಳು, ಏಪ್ರನ್ನಿಗೆ, ಎರಡು ಸಲ. ಬಾಗಿಲ ಗಂಟೆ. ಇನ್ನೂ ಹತ್ತು ನಿಮಿಷ ಇತ್ತು, ಈ ಊರಿನವರು ಬೇಗ ಬರುತ್ತಾರೆ. ಬೂದು ಕೋಟು, ಮಾಸ್ಕಿನ ಮೇಲೆ ಎರಡು ಕಣ್ಣು, ಹೊಸ್ತಿಲ ಬಾಟಲಿಯನ್ನು ಒತ್ತಿ ಕೈ ಉಜ್ಜಿಕೊಂಡು ಬಂದರು, ಸತ್ಯಭಾಮಾ ಸೊಂಟ ಬಾಗಿಸಿ ನಿಂತಳು, ತಲೆ ಎತ್ತಲಿಲ್ಲ, ನೀವು ಫೋನು ಮಾಡುವ ಮೊದಲೇ ಒರೆಸಿಬಿಟ್ಟಿದ್ದೆ, ಹೇಳಲು ಧೈರ್ಯ ಬರಲಿಲ್ಲ, ಹೆಬ್ಬೆರಳೊಂದೇ ಉಳಿದಿದೆ, ಕ್ಷಮಿಸಿ. ನೆಲದ ಹಲಗೆ ಕಿರುಗುಟ್ಟಿತು. ಮುದುಕಿ ಮೇಜಿನ ಮುಂದೆ, ಯಜಮಾನರು ಅವತ್ತು ನಿಂತಿದ್ದಿರಬಹುದಾದ ಜಾಗದಲ್ಲೇ ನಿಂತಿದ್ದಾರೆ, ಕೈ ಎತ್ತಿದರು, ಬೆರಳ ಸಂದಿಯಲ್ಲಿ ಇನ್ನೂ ಹಸಿ ಮಿಂಚುತ್ತಿದೆ, ಮುಟ್ಟಬೇಡಿ, ದಿನಕ್ಕೆ ಹತ್ತು ಸಲ ಹೇಳುವ ಮಾತು, ನಾಲಗೆಯ ತುದಿಗೆ ಬಂತು, ಅಲ್ಲೇ ಉಳಿಯಿತು. ತಮ್ಮ ಹೆಬ್ಬೆರಳನ್ನು ಮಾತ್ರ ಒಳಕ್ಕೆ ಮಡಚಿಕೊಂಡು ಅಂಗೈಯನ್ನು ಆ ಖಾಲಿ ಜಾಗಕ್ಕೆ ಊರಿದರು, ಹೆಬ್ಬೆರಳಿಗೆ ಸೇರುವ ಹಾಗೆ, ಒತ್ತಿ ಹಿಡಿದರು, ಎತ್ತಿದರು, ಕಪ್ಪುಗೆಂಪಿನ ಮೇಲೆ ಮೆಲ್ಲಗೆ ಬಿಳಿ ಏಳುತ್ತಿದೆ, ಸಣ್ಣ ಅಂಗೈ, ನಾಲ್ಕು ಸಣ್ಣ ಬೆರಳು, ಅದಕ್ಕೊಂದು ದೊಡ್ಡ ಹೆಬ್ಬೆರಳು, ಹೆಬ್ಬೆರಳು, ಆ ಹೆಬ್ಬೆರಳು