ತರಗಿನ ಆಳ

ನೆಲ ಬೆಚ್ಚಗಿತ್ತು.

ಅವಳು ಕೈಯನ್ನು ಸರಕ್ಕನೆ ಎಳೆದುಕೊಂಡು, ಬಿಸಿಲಿನ ಕಾವಿರಬಹುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆದರೆ ಅಲ್ಲಿ ಬಿಸಿಲೇ ಬಿದ್ದಿರಲಿಲ್ಲ. ದೊಡ್ಡ ಮರದ ನೆರಳು ಬೆಳಗಿನಿಂದ ಆ ತಗ್ಗನ್ನು ಬಿಟ್ಟು ಕದಲಿರಲಿಲ್ಲ. ಮತ್ತೊಮ್ಮೆ, ಈ ಸಲ ಅಂಗೈ ತಿರುಗಿಸಿ, ಬೆರಳಿನ ಹಿಂಬದಿಯನ್ನು ಒಣಗಿದ ಎಲೆಗಳ ಕೆಳಗೆ ತೂರಿಸಿದಳು. ಜ್ವರ ಏರುವ ಮೊದಲು ಮಗುವಿನ ಹಣೆ ಇರುತ್ತದಲ್ಲ, ಹಾಗಿತ್ತು.

ಬೆಂಕಿ ಹಾಕಿದ್ದು ಹೋದ ವಾರ, ಅದೂ ಗೆರೆಯ ಆಚೆ. ಗೆರೆ ಎಂದರೆ ಕಾಡಿನ ಉದ್ದಕ್ಕೂ ತೋಡಿದ ಕಿರಿದಾದ ಕಾಲುವೆ; ತರಗೆಲೆಯನ್ನೆಲ್ಲ ಕೆರೆದು ತೆಗೆದು, ಬೆಂಕಿಗೆ ತಿನ್ನಲು ಏನೂ ಸಿಗದ ಹಾಗೆ ಮಾಡಿದ್ದು. ಅವಳು ಮಂಡಿಯೂರಿ ಕೂತಿದ್ದದ್ದು ಗೆರೆಯ ಈಚೆ. ಇಲ್ಲಿ ಒಂದು ಎಲೆಯೂ ಕಪ್ಪಾಗಿರಲಿಲ್ಲ.

ಈ ಕಾಡಿಗೆ ಬಂದಿದ್ದು ಆರೈಕೆ ಹೆಚ್ಚಾದ ಕಾಯಿಲೆ. ಒಂದು ತಲೆಮಾರಿನ ಕಾಲ ಒಂದು ಕಿಡಿಯೂ ಬೀಳದಂತೆ ಕಾದಿದ್ದರಿಂದ ಸಣಕಲು ಮರಗಳು ಒಂದರ ಮೈಮೇಲೊಂದು ಬೆಳೆದು, ಉದುರಿದ ತರಗು ರಾಶಿಯಾಗಿ ಬಿದ್ದಿತ್ತು. ಸಣಕಲನ್ನು ಕಡಿದು, ತರಗನ್ನು ಸಣ್ಣ ಬೆಂಕಿಯಲ್ಲಿ ಸುಟ್ಟು, ಕಾಡಿಗೆ ಉಸಿರಾಡಲು ಜಾಗ ಮಾಡಿಕೊಡುವುದು ಅರಣ್ಯ ಇಲಾಖೆಯ ಯೋಜನೆ. ಅದರಿಂದ ಮಣ್ಣಿಗೆ, ತೊರೆಗೆ, ಹಕ್ಕಿಪಕ್ಕಿಗೆ ಏನಾದೀತು ಎಂದು ಮೊದಲೇ ಅಳೆದು ಹೇಳುವುದು ಅವಳ ಕೆಲಸ. ಎಲ್ಲೆಲ್ಲಿ ತರಗು ಎಷ್ಟು ಆಳವಿದೆ ಎಂದು ಅಳೆದವಳೂ ಅವಳೇ. ಆ ಅಳತೆ ಹಿಡಿದು ಗೆರೆ ಅಗೆದಿದ್ದರು. ಅಗೆದವರ ಮೇಸ್ತ್ರಿ ಅವಳ ಒಡಹುಟ್ಟಿದ ತಮ್ಮ.

ಅವಳು ಚೀಲದಿಂದ ಕಬ್ಬಿಣದ ಸಲಾಕೆ ತೆಗೆದು ನೆಲಕ್ಕೆ ಊರಿದಳು. ಗೇಣುದ್ದ ಇಳಿಯಿತು. ಇನ್ನೇನು ಗಟ್ಟಿ ಮಣ್ಣು ತಾಗಬೇಕು. ತಾಗಲಿಲ್ಲ. ಬೆಣ್ಣೆಯೊಳಗೆ ಇಳಿದಂತೆ ಇಳಿಯುತ್ತಲೇ ಹೋಯಿತು. ಮೇಲಕ್ಕೆ ಎಳೆದಾಗ ಸುಟ್ಟ ವಾಸನೆ ಬಂತು, ತುದಿಯನ್ನು ಮುಟ್ಟಲಾಗಲಿಲ್ಲ.

ಆಗ ಅವಳಿಗೆ ಅರ್ಥವಾಯಿತು. ತರಗಿನ ಮಾದರಿ ತೆಗೆಯಲು ಅವಳು ಬಳಸಿದ್ದು ಗೇಣುದ್ದದ ಉಕ್ಕಿನ ಕೊಳವೆ. ಬೇರೆ ಕಡೆ ಅದು ಅರ್ಧಕ್ಕೇ ಮಣ್ಣು ಮುಟ್ಟಿ ನಿಲ್ಲುತ್ತಿತ್ತು. ಈ ತಗ್ಗಿನಲ್ಲಿ ಮಾತ್ರ ಬಾಯಿಯವರೆಗೂ ತುಂಬಿಕೊಂಡು ಬಂದಿತ್ತು. ಅವಳು ಒಂದು ಗೇಣು ಎಂದು ಬರೆದು ಮುಂದಿನ ಜಾಗಕ್ಕೆ ಹೋಗಿದ್ದಳು. ಮುಗಿದಿದ್ದು ಕೊಳವೆ, ತರಗಲ್ಲ. ಅದರಡಿಯಲ್ಲಿದ್ದ ಕೊಳೆತ ತರಗು ಕಪ್ಪಗೆ, ಥೇಟು ಮಣ್ಣಿನ ಹಾಗೇ ಕಾಣುತ್ತಿದ್ದರಿಂದ ಅಗೆದವರಿಗೂ ಅನುಮಾನ ಬಂದಿರಲಿಲ್ಲ. ಬೆಂಕಿಗೆ ಮಾತ್ರ ಆ ವ್ಯತ್ಯಾಸ ಗೊತ್ತಿತ್ತು. ಅದು ಹೊಗೆಯಿಲ್ಲದೆ, ಸದ್ದಿಲ್ಲದೆ, ಗೆರೆಯ ಕೆಳಗೆ ತೆವಳಿಕೊಂಡು ಈ ಕಡೆ ಬಂದಿತ್ತು.

ಈ ಕಡೆ ಇದ್ದದ್ದು ದೊಡ್ಡ ಮರ. ಬೇರು ಬೆಂದ ಮರ ಏನೂ ಆಗಿಲ್ಲವೆಂಬಂತೆ ಹಸಿರಾಗಿ ನಿಂತಿರುತ್ತದೆ. ಬೀಳುವಾಗ ಗಾಳಿಗೂ ಕಾಯುವುದಿಲ್ಲ.

ಅದರ ಬುಡದಲ್ಲಿ ಮೂವರು ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಮುಖಕ್ಕೆ ಟೋಪಿ ಮುಚ್ಚಿಕೊಂಡು, ಒಂದು ಬೇರಿಗೆ ತಲೆಯಿಟ್ಟು ಅವಳ ತಮ್ಮ ಮಲಗಿದ್ದ.

"ಏನ್ ಮಣ್ಣಿನ ಮೇಡಂ, ನಿಧಿಗಿಧಿ ಸಿಕ್ತಾ?" ಎಂದ ನೀರಿನ ಪಂಪು ನೋಡಿಕೊಳ್ಳುವವನು. ಎಲ್ಲರೂ ಅವನನ್ನು ಪಂಪಣ್ಣ ಎನ್ನುತ್ತಿದ್ದರು.

"ಎದ್ದೇಳಿ ಎಲ್ಲಾರೂ. ಓಡಬೇಡಿ. ಮೆತ್ತಗೆ ನಡ್ಕೊಂಡು ಆ ಬಂಡೆ ಹತ್ರ ಹೋಗಿ."

"ಉಣ್ಣೋರನ್ನ ಎಬ್ಬಿಸಿದ್ರೆ ಪಾಪ ಬರುತ್ತೆ ಮೇಡಂ."

"ಬರ್ಲಿ. ಮೊದ್ಲು ನೀವು ಹೋಗಿ."

ಅವಳ ದನಿ ಕೇಳಿ ಪಂಪಣ್ಣನ ನಗು ಅರ್ಧಕ್ಕೇ ನಿಂತಿತು. ಅವನೂ ಉಳಿದಿಬ್ಬರೂ ಡಬ್ಬಿಗಳನ್ನು ಅಲ್ಲೇ ಬಿಟ್ಟು ಎದ್ದರು. ತಮ್ಮ ಏಳಲಿಲ್ಲ. ಅವಳೇ ಒಂದೊಂದು ಹೆಜ್ಜೆಯನ್ನೂ ಒತ್ತಿ ನೋಡಿ ಇಡುತ್ತ ಅವನವರೆಗೆ ಹೋದಳು. ಒಂದು ಕಡೆ ನೆಲ ಹಪ್ಪಳದ ಹಾಗೆ ಮುರಿದು ಪಾದ ಒಳಗಿಳಿಯಿತು. ಕಾವು ತಾಗುವ ಮೊದಲೇ ಅದನ್ನು ಎಳೆದುಕೊಂಡು ಪಕ್ಕಕ್ಕೆ ಹೆಜ್ಜೆಯಿಟ್ಟಳು.

"ಏಳೋ."

"ಅಕ್ಕಾ, ಮನೇಲೂ ಮಲಗೋಕೆ ಬಿಡಲ್ಲ, ಕಾಡಲ್ಲೂ ಬಿಡಲ್ಲ ನೀನು."

"ನಿನ್ನ ಕೆಳಗೆ ಬೆಂಕಿ ಇದೆ ಕಣೋ."

ಟೋಪಿಯ ಅಡಿಯಿಂದ ನಗು ಕೇಳಿಸಿತು. "ಗೆರೆ ದಾಟಿ ಹೇಗ್ ಬರುತ್ತೆ? ನಾನೇ ನಿಂತು ಅಗೆಸಿದ್ದು. ನೀನು ಗೇಣು ಅಂದಿದ್ದೆ, ನಾಲ್ಕು ಬೆರಳು ಜಾಸ್ತೀನೇ ಅಗೆಸಿದೀನಿ. ಅಕ್ಕನ ಮರ್ಯಾದೆಗೆ."

ಅವಳು ಅವನ ಕೈ ಹಿಡಿದು ಸಲಾಕೆಯ ತುದಿಗೆ ತಾಗಿಸಿದಳು. ಅವನು ಹೌಹಾರಿ ಎದ್ದು ಕೂತ. ಟೋಪಿ ಜಾರಿತು. ಆ ಮುಖವನ್ನು ಅವಳು ಚಿಕ್ಕಂದಿನಲ್ಲಿ ನೋಡಿದ್ದಳು, ಅವನು ಬಾವಿಕಟ್ಟೆಯ ಮೇಲೆ ನಡೆಯಹೋಗಿ ಅರ್ಧದಲ್ಲಿ ಕೆಳಗೆ ಇಣುಕಿದಾಗ. ಇಬ್ಬರೂ ಕಾಲಿಟ್ಟಲ್ಲೇ ಕಾಲಿಡುತ್ತ ಬಂಡೆಯವರೆಗೆ ಬಂದರು.

ಬಂದವನು ತಿರುಗಿ ನೋಡಿದ. "ಪಂಪು ಅಲ್ಲೇ ಇದೆ."

ಪಂಪು, ಪೈಪಿನ ಸುರುಳಿ, ಎರಡೂ ಮರಕ್ಕೆ ಒರಗಿದ್ದವು. ಇಳಿಜಾರಿನ ಕೊನೆಯಲ್ಲಿ, ಕಾಡು ಮುಗಿಯುವಲ್ಲಿ, ಊರಿನ ಮನೆಗಳ ಮಾಡುಗಳು ಶುರುವಾಗುತ್ತಿದ್ದವು. ಯಾರದೋ ಮನೆಯ ಮೇಲೆ ಬಟ್ಟೆ ಒಣಹಾಕಿದ್ದರು.

ಅವನು ಹೆಜ್ಜೆ ಎತ್ತಿದ. ಅವಳು ಅಂಗಿ ಹಿಡಿದೆಳೆದಳು.

"ಬಿಡಕ್ಕಾ. ಅದಿಲ್ದೆ ಏನ್ಮಾಡೋಣ? ಉಗುಳಿ ಆರಿಸೋಣ್ವಾ?"

"ಉಗುಳು. ಒಳಗೆ ಹೋಗ್ಬೇಡ. ಅಮ್ಮನ ಮುಂದೆ ನಾನೊಬ್ಳೇ ಹೋಗಿ ನಿಲ್ಲೋಕಾಗಲ್ಲ."

ಬೇರೆ ಪಂಪುಗಳೆಲ್ಲ ಎದುರಿನ ಇಳಿಜಾರಿನಲ್ಲಿದ್ದವು. ಅಲ್ಲಿ ಇಲಾಖೆಯ ಅಧಿಕಾರಿ ಕಾಡಿನ ಮುಂದಿನ ತುಂಡಿಗೆ ಬೆಂಕಿ ಹಚ್ಚಿಸಲು ನಿಂತಿದ್ದರು. ಅವಳು ಸೊಂಟದಿಂದ ವಾಕಿಟಾಕಿ ಬಿಚ್ಚಿದಳು. ಬೆರಳನ್ನು ಗುಂಡಿಯ ಮೇಲಿಟ್ಟಳು.

ದನಿ ತಗ್ಗಿಸಿದ ತಮ್ಮ. "ಕಿಡಿ ಹಾರಿ ಬಂತು ಅಂತ ಹೇಳಕ್ಕ. ಗಾಳಿ ಮೇಲೆ ಹಾಕು. ಗಾಳಿ ಏನು ಬಂದು ಸಾಕ್ಷಿ ಹೇಳುತ್ತಾ? ಪಂಪು ಕಳಿಸ್ತಾರೆ, ಮುಗೀತು. ನಿನ್ನ ಹೆಸರು ಯಾಕೆ ಮಧ್ಯದಲ್ಲಿ?"

ಅವನು ಹೇಳಿದ್ದು ಸುಲಭವಾಗಿತ್ತು. ಅವಳು ಒಂದು ಗಳಿಗೆ ಆ ಮಾತನ್ನು ನಾಲಿಗೆಯ ಮೇಲಿಟ್ಟುಕೊಂಡೂ ನೋಡಿದಳು. ಆದರೆ ಎದುರಿನ ಇಳಿಜಾರಿನಲ್ಲೂ ಇಂಥದೇ ತಗ್ಗುಗಳಿದ್ದವು. ಅಲ್ಲೂ ಅವಳ ಕೊಳವೆ ಬಾಯಿಯವರೆಗೆ ತುಂಬಿತ್ತು. ಅಲ್ಲೂ ಮರಗಳ ನೆರಳಿನಲ್ಲಿ ಜನ ನಿಂತಿದ್ದರು.

"ಸರ್, ಆ ಕಡೆ ಬೆಂಕಿ ಹಚ್ಚಬೇಡಿ."

"ಯಾಕಮ್ಮಾ? ಎಲ್ಲ ರೆಡಿ ಆಗಿದೆ. ಗಾಳೀನೂ ಹೇಳಿದ ಮಾತು ಕೇಳ್ತಿದೆ ಇವತ್ತು."

"ನಾನು ಕೊಟ್ಟ ಆಳ ತಪ್ಪು ಸರ್. ತಗ್ಗುಗಳಲ್ಲಿ ಬರೆದಿದ್ದು ತರಗಿನ ಆಳ ಅಲ್ಲ. ಕೊಳವೆ ಉದ್ದ. ಇಲ್ಲಿ ಬೆಂಕಿ ಗೆರೆ ಕೆಳಗಿಂದ ದಾಟಿದೆ, ದೊಡ್ಡ ಮರದ ಬೇರಿಗೆ ಹತ್ತಿದೆ."

ಆ ಕಾಡಿನಲ್ಲಿ ವಾಕಿಟಾಕಿ ಹಿಡಿದವರೆಲ್ಲ ಅದನ್ನು ಕೇಳಿದರು. ಬರೀ ಗರಗರ ಸದ್ದು.

"ಸರಿಯಾದ ಆಳ ಎಷ್ಟು ಹಾಗಾದ್ರೆ?" ಅಧಿಕಾರಿಯ ದನಿ ಬೇರೆಯಾಗಿತ್ತು.

"ಗೊತ್ತಿಲ್ಲ ಸರ್."

ಇಷ್ಟು ವರ್ಷಗಳಲ್ಲಿ ಅವಳು ಆ ಮಾತನ್ನು ಕೆಲಸದಲ್ಲಿ ಹೇಳಿರಲಿಲ್ಲ.

"ನಿಲ್ಲಿಸ್ತೀನಿ," ಎಂದರು ಅವರು. "ಎರಡು ಪಂಪು ಬರುತ್ತೆ, ಮೇಲಿನ ದಾರೀಲಿ. ಅಲ್ಲೀವರೆಗೂ ಯಾರೂ ಆ ಮರದ ಹತ್ರ ಹೋಗ್ಬೇಡಿ. ಮಿಕ್ಕಿದ್ದು ಆಮೇಲೆ ಮಾತಾಡೋಣ."

ಮಿಕ್ಕಿದ್ದು ಏನೆಂದು ಅವಳಿಗೆ ಗೊತ್ತಿತ್ತು. ತಮ್ಮ ಅವಳತ್ತ ನೋಡಲಿಲ್ಲ. ಸುಟ್ಟ ಬೆರಳನ್ನು ಬಾಯಲ್ಲಿಟ್ಟು ತೆಗೆದು, "ನೀನು ಬರೆದಿದ್ದನ್ನ ನಂಬಿ ಅಗೆದ್ವಿ ಅಕ್ಕಾ," ಎಂದ. ಅದರಲ್ಲಿ ಕುಟುಕಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ.

ಐವರೂ ಬಂಡೆಗೆ ಒರಗಿ ಮರವನ್ನೇ ನೋಡುತ್ತ ನಿಂತರು. ಗಾಳಿ ಇರಲಿಲ್ಲ. ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ. ಬುಡದ ಒಂದು ಕಡೆಯಿಂದ ದಾರದಷ್ಟು ತೆಳುವಾದ ಹೊಗೆ ಎದ್ದು, ಇಲ್ಲವೇನೋ ಎಂಬಂತೆ ಕರಗುತ್ತಿತ್ತು.

ಎಲ್ಲಿಂದಲೋ ಮರಕುಟಿಗವೊಂದು ಹಾರಿ ಬಂದು ಕಾಂಡಕ್ಕೆ ಅಂಟಿಕೊಂಡಿತು. ಸುತ್ತಿಕೊಂಡು ಮೇಲೇರಿತು. ಒಂದು ಕಡೆ ನಿಂತು, ಟಕ್ ಟಕ್ ಎಂದು ಕುಟ್ಟಿತು. ಪಂಪಣ್ಣ ಬಾಯಿಗೆ ಕೈ ಅಡ್ಡ ಹಿಡಿದ. ಹಕ್ಕಿ ತಲೆ ಓರೆ ಮಾಡಿ ಒಳಗಿನದನ್ನು ಆಲಿಸಿತು. ಮತ್ತೆ ಕುಟ್ಟಿತು.