ಓರ್ನೆಲ್ಲಾ ಕೊಟ್ಟ ನಿಂಬೆಹಣ್ಣು

ಅಸ್ಸಿ ಘಾಟಿನ ನಮ್ಮ ಗಲ್ಲಿಯಲ್ಲಿ ಕರ್ನಾಟಕದ ಯಾತ್ರಿಕರಿಗೆ ಊಟ ಹಾಕುವುದು ನನ್ನ ಕೆಲಸ. ನಮ್ಮನೆಯವರು, ಹಾಲಯ್ಯ, ಮಠದ ಹೂದೋಟ ನೋಡಿಕೊಳ್ಳುತ್ತಾರೆ. ಮಹಡಿಯ ಕೋಣೆಯಲ್ಲಿ ಆರು ಚಳಿಗಾಲದಿಂದ ಬಾಡಿಗೆಗಿರುವವಳು ಇಟಲಿಯ ಓರ್ನೆಲ್ಲಾ. ವಯಸ್ಸು ಎಪ್ಪತ್ತರ ಹತ್ತಿರ, ಬಾಯಿ ಮಾತ್ರ ಇಪ್ಪತ್ತರದು. ನಾನು ಈಳಿಗೆಮಣೆ ಮೇಲೆ ಬದನೆಕಾಯಿ ಹೆಚ್ಚುತ್ತಿದ್ದರೆ ಎದುರಿಗೆ ಕೂತು ಹಿಂದಿಯಲ್ಲಿ ತನ್ನಜ್ಜನ ಬಂಗಲೆಯ ಕಥೆ ಹೇಳುವಳು. ಗುಡ್ಡದ ಮೇಲಿನ ಮನೆ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತೋಟ, ಮೂಗು ಮುರಿದ ಕಲ್ಲಿನ ದೇವತೆಯರು, ಆಳೆತ್ತರದ ಮಣ್ಣಿನ ಕುಂಡಗಳಲ್ಲಿ ನಿಂಬೆಗಿಡ. ಹಿಮ ಬೀಳುವ ಮೊದಲು ಆ ಕುಂಡಗಳನ್ನು ಹೊತ್ತಿಡಲು ಅವಕ್ಕೇ ಒಂದು ಮನೆಯಂತೆ.

"ಗಿಡಕ್ಕೂ ಧರ್ಮಶಾಲೆ ಅನ್ನು!" ಎಂದು ಹಾಲಯ್ಯ ನಗುವರು.

ಈ ಸಲ ಬಂದವಳು ಹೆಚ್ಚು ಮಾತಾಡಲಿಲ್ಲ. ಬಂಗಲೆ ಹೋಟೆಲಿನವರ ಪಾಲಾಗಿತ್ತು. ಕುಂಡಗಳಿದ್ದ ಜಾಗದಲ್ಲಿ ಈಜುಕೊಳ. ಕಾಗದದಲ್ಲಿ ಸುತ್ತಿದ ಒಂದೇ ಒಂದು ನಿಂಬೆಹಣ್ಣನ್ನು ನನ್ನ ಕೈಗಿಟ್ಟು, "ಸಂಭಾಲ್ಕೆ ರಖ್ನಾ, ತಾರಾ ದೀದಿ, ಜೋಪಾನ. ದಿಲ್ಲಿಗೆ ಹೋಗಿ ನಾಲ್ಕು ದಿನದಲ್ಲಿ ಬರ್ತೀನಿ," ಎಂದಳು. ಯಾಕೆ ಏನು ಎಂದು ನಾನೂ ಕೇಳಲಿಲ್ಲ. ಒಲೆಯ ಮೇಲೆ ಸಾರು ಉಕ್ಕುತ್ತಿತ್ತು.

ಮೂರನೇ ದಿನ ದಿಲ್ಲಿಯಿಂದ ಫೋನು ಬಂತು: ಓರ್ನೆಲ್ಲಾಗೆ ನ್ಯುಮೋನಿಯಾ, ಆಸ್ಪತ್ರೆ, ಐಸಿಯು. ಮರುದಿನ ಶುಕ್ರವಾರ. ದೇವಿಗೆ ನಿಂಬೆಹಣ್ಣಿನ ದೀಪ ಹಚ್ಚುತ್ತೇನೆಂದು ಹರಕೆ ಹೊತ್ತೆ. ಗೋದೌಲಿಯಾ ಮಾರುಕಟ್ಟೆಯಿಂದ ತಂದ ನಿಂಬೆ ಬುಟ್ಟಿ ತುಂಬ ಇದ್ದವು. ಆದರೂ ಅವಳ ಜೀವಕ್ಕೆ ಅವಳ ಹಣ್ಣೇ ಆಗಬೇಕು ಅನ್ನಿಸಿತು.

"ಇದೇನು ನಿಂಬಿಹಣ್ಣೋ, ಮಾದಲಕಾಯೋ?" ಎಂದರು ಹಾಲಯ್ಯ. "ಆಕೀದು ಐತಿ. ಕೇಳಿ ಕೊಯ್ಯಬಾರದೇನ?"

"ಐಸಿಯುದಾಗ ಮಲಗಿದಾಕಿನ್ನ ಏನಂತ ಕೇಳ್ಲಿ? ಸುಮ್ನಿರ್ರಿ."

ಎರಡು ಹೋಳು ಮಾಡಿ, ರಸವನ್ನು ಚಿತ್ರಾನ್ನಕ್ಕೆ ಹಿಂಡಿ, ಬೀಜ ಕಸಕ್ಕೆ ಎಸೆದು, ಸಿಪ್ಪೆಯನ್ನು ಒಳಗು ಹೊರಗು ಮಾಡಿದೆ. ದಪ್ಪ ಸಿಪ್ಪೆ, ಮಗುಚುವಷ್ಟರಲ್ಲಿ ಬೆರಳು ನೊಂದವು. ದುರ್ಗಾಕುಂಡದ ಗುಡಿಯಲ್ಲಿ ತುಪ್ಪ ಹಾಕಿ ಹಚ್ಚಿದಾಗ, ಮಣ್ಣಿನ ದೀಪ ಸಿಗಲಿಲ್ಲವೇ ಮಾತಾಜಿ ಎಂದು ಪೂಜಾರಿ ನಕ್ಕ.

ಓರ್ನೆಲ್ಲಾ ಉಳಿದಳು. ಮೂರು ವಾರದ ಮೇಲೆ ಆಟೋದಿಂದ ಇಳಿದವಳು ಹಾಲಯ್ಯನವರ ಮುಂದೆ ಹೊಸ ಮಣ್ಣಿನ ಕುಂಡವೊಂದನ್ನು ಇಟ್ಟಳು.

"ಹಾಲಯ್ಯಜೀ, ಬೀಜ ಹಾಕೋಣ. ಗಿಡಗಳನ್ನೆಲ್ಲ ಕಡಿದುಬಿಟ್ಟರು, ಅದೊಂದೇ ಹಣ್ಣು ಉಳಿದಿದ್ದು. ನಿಮ್ಮ ಮಠದ ತೋಟದಲ್ಲಾದರೂ ಬದುಕಲಿ."

ಹಾಲಯ್ಯ ನನ್ನ ಕಡೆ ನೋಡಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಎಲ್ಲ ಹೇಳಿದೆ. ಬೀಜಗಳನ್ನು ಕಸದ ಗಾಡಿ ಅವತ್ತೇ ಒಯ್ದದ್ದನ್ನೂ ಹೇಳಿದೆ. ಅವಳು ಕುಂಡವನ್ನು ಮಡಿಲಿಗೆಳೆದುಕೊಂಡು ಕೂತಳು.

"ದೀಪ ಎಷ್ಟು ಹೊತ್ತು ಉರೀತು?"

"ತುಂಬ ಹೊತ್ತು. ಸಿಪ್ಪೆ ದೊಡ್ಡದಲ್ವಾ, ತುಪ್ಪ ಜಾಸ್ತಿ ಹಿಡೀತು."

ತಲೆಯಾಡಿಸಿದಳು. "ಯಾವುದರ ಮೇಲೆ ಹೆಚ್ಚಿದೆ?"

ಈಳಿಗೆಮಣೆ ತೋರಿಸಿದೆ. ನೆಲಕ್ಕೆ ಬಗ್ಗಿ, ಮಣೆಯ ಮರಕ್ಕೆ ಮೂಗು ಹಚ್ಚಿ ಉಸಿರೆಳೆದುಕೊಂಡಳು. ಮತ್ತೊಮ್ಮೆ ಎಳೆದುಕೊಂಡಳು.

ಅದನ್ನು ದಿನಾ ಬಿಸಿನೀರು ಸುರಿದು ಉಜ್ಜಿ ತೊಳೆಯುವವಳು ನಾನು.