ಅಲಂಕಾರಮ್ಮ ಮಾಡಿದ ಪುಟ

ಆಸ್ಪತ್ರೆಯ ವೆಬ್ ಪುಟಗಳನ್ನು ಮಾಡುವವಳಿಗೆ ಮೂರನೇ ಮಹಡಿಯವರು ಅಲಂಕಾರಮ್ಮ ಎಂದು ಹೆಸರಿಟ್ಟಿದ್ದರು. ಒಂದು ಸಾಲು ಕೂದಲೆಳೆಯಷ್ಟು ಆಚೀಚೆಯಾದರೂ ಅವಳಿಗೆ ಊಟ ಸೇರುತ್ತಿರಲಿಲ್ಲ. "ಆಪರೇಷನ್ನಿಗೆ ಮುಂಚೆ ಏನೇನು ಮಾಡ್ಬೇಕೇ?" ಎಂದು ಚಿಕ್ಕಮ್ಮ ಫೋನಿನಲ್ಲಿ ಕೇಳಿದಾಗಲೂ, "ಎಲ್ಲಾ ನನ್ನ ಪುಟದಲ್ಲಿದೆ, ಓದ್ಕೊಂಡ್ರೆ ಆಯ್ತು" ಎಂದು ಗತ್ತಿನಿಂದ ಹೇಳಿ ಫೋನಿಟ್ಟಿದ್ದಳು. ಚಿಕ್ಕಮ್ಮನಿಗೆ ಕಣ್ಣು ಕಾಣದು. ಕಂಪ್ಯೂಟರು ಗಟ್ಟಿಯಾಗಿ ಓದಿ ಹೇಳುತ್ತದೆ. ಹಾಗೆ ಕೇಳಿಕೊಂಡೇ ದಿನಪತ್ರಿಕೆಯ ಮೂಲೆಮೂಲೆಯನ್ನೂ ಬಿಡದ ಹೆಂಗಸು.

ಮಂಡಿ ಆಪರೇಷನ್ನಿಗೆ ನಾಲ್ಕು ತಿಂಗಳು ಕಾದು ಇವತ್ತು ಸರದಿ ಬಂದಿತ್ತು. ಹತ್ತು ಗಂಟೆಗೆ ಕೆಳಗಿನಿಂದ ನರ್ಸ್ ಫೋನ್ ಮಾಡಿದಳು.

"ನಿಮ್ಮ ಚಿಕ್ಕಮ್ಮ ರಕ್ತ ತೆಳು ಮಾಡೋ ಮಾತ್ರೆ ನಿಲ್ಸೇ ಇಲ್ಲ. ನಿನ್ನೆ ಕೂಡ ನುಂಗಿದಾರೆ. ಸ್ವಲ್ಪ ಕೆಳಗೆ ಬನ್ನಿ."

ಅಲಂಕಾರಮ್ಮನಿಗೆ ನಂಬಲಾಗಲಿಲ್ಲ. ಐದು ದಿನ ಮೊದಲೇ ನಿಲ್ಲಿಸಬೇಕೆಂದು ತಾನೇ ಹಾಕಿದ್ದಳಲ್ಲ, ಕೆಂಪು ಬಣ್ಣದಲ್ಲಿ, ಇಷ್ಟು ದಪ್ಪ ಅಕ್ಷರದಲ್ಲಿ. ಲಿಫ್ಟಿಗೆ ಕಾಯಲು ಮನಸ್ಸು ತಡೆಯದೆ ಮೆಟ್ಟಿಲಿಳಿದು ಓಡಿದಳು. ಚಿಕ್ಕಮ್ಮ ಆಸ್ಪತ್ರೆಯ ಹಸಿರು ಬಟ್ಟೆ ತೊಟ್ಟು, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಮಂಚದಲ್ಲಿ ಕೂತಿದ್ದಳು.

"ಪುಟ ಓದಿದ್ಯಾ ಚಿಕ್ಕಮ್ಮ?"

"ಮೂರು ಸಲ. ಮಾತ್ರೆ ಸುದ್ದೀನೇ ಇಲ್ವಲ್ಲೇ ಅದರಲ್ಲಿ."

"ಹೇಗೆ ಓದಿದೆ?"

"ಎಲ್ಲರ ಹಾಗೆ. ಪೇಪರ್ ಹಿಡಿದ್ರೆ ನೀನು ಮೊದ್ಲು ಹೆಡ್ಡಿಂಗ್ ನೋಡಲ್ವಾ? ನಂಗೂ ಒಂದು ಕೀ ಇದೆ, ಒತ್ತಿದ್ರೆ ಮುಂದಿನ ಹೆಡ್ಡಿಂಗಿಗೆ ಹಾರುತ್ತೆ. ಒತ್ತಿದೆ, 'ವಾಹನ ನಿಲ್ಲಿಸುವ ಜಾಗ' ಅಂತು. ಮತ್ತೆ ಒತ್ತಿದೆ, 'ಕ್ಯಾಂಟೀನ್ ಸಮಯ' ಅಂತು. ಮುಂದೆ ಯಾವುದೂ ಇಲ್ಲ ಅಂತು. ಮೊದಲಿಂದ ಕೇಳೋಣ ಅಂದ್ರೆ ಆಸ್ಪತ್ರೆ ಹೊಗಳಿಕೆ ಮುಗಿಯೋದೇ ಇಲ್ಲ."

ಅಲಂಕಾರಮ್ಮನಿಗೆ ಆಗ ಹೊಳೆಯಿತು. ಇದು ಹೆಡ್ಡಿಂಗು ಎಂದು ಕಂಪ್ಯೂಟರಿಗೆ ಬೇರೆಯಾಗಿ ಗುರುತು ಮಾಡಿ ಹೇಳಬೇಕು. ಅವಳೋ ಮಾತ್ರೆಯ ಸಾಲಿಗೆ ಬರೀ ಬಣ್ಣ ಬಳಿದು ಅಕ್ಷರ ಹಿಗ್ಗಿಸಿದ್ದಳು. ನೋಡುವ ಕಣ್ಣಿಗೆ ಅದು ಹೆಡ್ಡಿಂಗು, ಓದುವ ಯಂತ್ರಕ್ಕೆ ನೂರರಲ್ಲಿ ಒಂದು ಸಾಲು. ನಿಜವಾದ ಗುರುತನ್ನು ವಾಹನಕ್ಕೂ ಕ್ಯಾಂಟೀನಿಗೂ ಕೊಟ್ಟಿದ್ದಳು, ಆ ಗುರುತಿನ ಜೊತೆಗೇ ಬರುವ ಅಕ್ಷರದ ಅಳತೆ ಆ ಮೂಲೆಗೆ ಚೆನ್ನಾಗಿ ಒಪ್ಪುತ್ತದೆಂದು. ಚಂದದ ಹುಚ್ಚಿಗೆ ಚಿಕ್ಕಮ್ಮನ ಜೀವಕ್ಕೇ ಸಂಚಕಾರ ತಂದಿದ್ದಳು.

ಡಾಕ್ಟರು ಬಂದು ಫೈಲು ನೋಡಿ ತಲೆಯಾಡಿಸಿದರು. "ಇವತ್ತು ಆಗಲ್ಲಮ್ಮ, ರಕ್ತ ನಿಲ್ಲಲ್ಲ. ಇನ್ನು ಎರಡು ತಿಂಗಳು ಕಾಯ್ಬೇಕು. ಸೂಚನೆ ಓದ್ಲಿಲ್ವಾ ನೀವು?"

ಅಲಂಕಾರಮ್ಮನ ಕೆಲಸ ಕಾಯಂ ಆಗಬೇಕಾದ ತಿಂಗಳು ಇದೇ. ಅದು ಚಿಕ್ಕಮ್ಮನಿಗೂ ಗೊತ್ತು. ಆಕೆ ತಡಕಾಡಿ ಅವಳ ಮಣಿಕಟ್ಟು ಹಿಡಿದು, ಸುಮ್ಮನಿರು ಎನ್ನುವಂತೆ ಚಿವುಟಿದಳು.

"ನಾನೇ ಓದ್ಲಿಲ್ಲ ಡಾಕ್ಟ್ರೇ, ಸೋಮಾರಿತನ."

ಡಾಕ್ಟರು ಮುಂದಿನ ಮಂಚಕ್ಕೆ ಹೋದರು. ನರ್ಸ್ ಫೈಲು ತೆಗೆದುಕೊಂಡು, "ರೋಗಿ ಸೂಚನೆ ಓದಿಲ್ಲ" ಎಂದು ಬಾಯಲ್ಲಿ ಹೇಳಿಕೊಳ್ಳುತ್ತಾ ಬರೆಯತೊಡಗಿದಳು. ಅಲಂಕಾರಮ್ಮ ಆ ಪೆನ್ನನ್ನೇ ನೋಡಿದಳು. ಸುಮ್ಮನಿದ್ದರೆ ಎಲ್ಲ ಇಲ್ಲಿಗೇ ಮುಗಿಯುತ್ತಿತ್ತು. ಸುಮ್ಮನಿರಲು ಆಗಲಿಲ್ಲ.

"ಹಾಗೆ ಬರೀಬೇಡಿ. ಮೂರು ಸಲ ಓದಿದಾರೆ. ಕಣ್ಣು ಕಾಣದವರಿಗೆ ಆ ಸಾಲು ಸಿಗೋದೇ ಇಲ್ಲ. ಪುಟ ಮಾಡಿದ್ದು ನಾನು."

ನರ್ಸಿನ ಪೆನ್ನು ನಿಂತಿತು.

"ಹೋದ ತಿಂಗಳು ಒಬ್ಬರು ಮೇಷ್ಟ್ರು ಹೀಗೇ ಮಾತ್ರೆ ನಿಲ್ಸದೆ ಬಂದಿದ್ರು. ಅವ್ರಿಗೂ ಕಣ್ಣು ಕಾಣಲ್ಲ. ಓದಿದೀನಮ್ಮ, ಓದಿದೀನಿ ಅಂತ ಗೋಗರೆದ್ರು. ಸುಳ್ಳು ಹೇಳ್ಬೇಡಿ ಅಂತ ಗದರಿಸಿ ಕಳಿಸಿದೆ. ಅವರ ಫೈಲಲ್ಲೂ ಹೀಗೇ ಬರ್ದಿದೀನಿ."

ಚಿಕ್ಕಮ್ಮ ಹಿಡಿದಿದ್ದ ಮಣಿಕಟ್ಟನ್ನು ಬಿಟ್ಟಳು.

"ಅವರ ನಂಬರ್ ಇಸ್ಕೊಂಡು ಈಗ್ಲೇ ಫೋನ್ ಮಾಡೇ," ಎಂದಳು. "ನೀವು ಸುಳ್ಳು ಹೇಳಿರ್ಲಿಲ್ಲ ಅಂತ ಹೇಳು."